ಸೂಟಿ ಒಂದು, ಪ್ರಮಾಣ ಎರಡು

ಒಬ್ಬರು ಮಾನ್ವಿಯ ತಹಶೀಲ್ದಾರ್ ಕಚೇರಿಯಿಂದ ನಿವೃತ್ತರಾದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ದೇವದುರ್ಗ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ರಾಯಚೂರಿನ ಮನೆಯಲ್ಲಿ, ಸರ್ಕಾರದ ರಜಾಪಟ್ಟಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಆಡಿದ ಮಾತಿದು.

ಮಗಳು: ಕಾಕಾ, 2027ರ ಜುಲೈ 25 ಐತಾರ ಬರತೈತಿ ನೋಡ್ರಿ. ಈಗಿನ ರಾಷ್ಟ್ರಪತಿಗಳ ಅವಧಿ ಪೂರ್ತಿ ಆದ್ರ ಮುಂದಿನವರ ಪ್ರಮಾಣವಚನ ಅವತ್ತೇ. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಕೇಳಿದ, "ಮೇಡಂ, ಅವತ್ತು ಸೂಟಿ ಕೊಡತಾರೇನ್ರಿ?" ಐತಾರ ಹೆಂಗೂ ಸೂಟಿ ಅಲ್ಲೇನೋ ಅಂದೆ. "ಹಂಗಾದ್ರ ಒಂದು ಸೂಟಿ ಲುಕ್ಸಾನ ಆತು ಬಿಡ್ರಿ" ಅಂದ.

ಕಾಕಾ: ಅಂವ ಮುಂದ ನಮ್ಮ ಕಚೇರಿಗೆ ಬರೋ ಹುಡುಗ! ಆದ್ರ ಅವನ ಲೆಕ್ಕದ ಬುನಾದಿನೇ ತಪ್ಪೈತವ್ವ. ರಾಷ್ಟ್ರಪತಿ ಪ್ರಮಾಣಕ್ಕ ನಮಗ ಸೂಟಿ ಕೊಟ್ಟಾರ ಯಾವಾಗ? 2022ರಾಗ ದ್ರೌಪದಿ ಮುರ್ಮು ಅವರು ಪ್ರಮಾಣ ತಗೊಂಡದ್ದು ಸ್ವಾಮಾರ. ಅವರು ದಿಲ್ಲಿಯೊಳಗ ಪ್ರಮಾಣ ಮಾಡಿದ್ರು, ನೀ ಸಾಲಿಯೊಳಗ ಪಾಠ ಮಾಡಿದಿ.

ಮಗಳು: ಅಮೆರಿಕಾದಾಗ ಕೊಡತಾರ್ರಿ. ಎಲ್ಲಾರಿಗೂ ಅಲ್ಲ, ವಾಷಿಂಗ್ಟನ್ ಸುತ್ತಮುತ್ತ ಕೆಲಸ ಮಾಡೋ ಕೇಂದ್ರ ಸರ್ಕಾರದ ನೌಕರರಿಗೆ. ಅಲ್ಲಿ ಇಪ್ಪತ್ತನೇ ತಿದ್ದುಪಡಿ 1933ರಾಗ ಆಗಿ, ಅಧ್ಯಕ್ಷರ ಅವಧಿ ಜನವರಿ 20ರ ಮಧ್ಯಾಹ್ನಕ್ಕ ಮುಗೀತೈತಿ ಅಂತ ಕಟ್ಟಿಬಿಟ್ಟಾರ. ಅದಕ್ಕೂ ಮೊದಲು ಮಾರ್ಚ್ 4 ಇತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರಿನ ಸೂಟಿ ಜನವರಿಯ ಮೂರನೇ ಸ್ವಾಮಾರ, 1986ರಿಂದ ಶುರುವಾದದ್ದು. ಹಿಂಗಾಗಿ ಎರಡೂ ಆಗಾಗ ಒಂದರ ಮ್ಯಾಲೊಂದು ಬೀಳತಾವ. 1997ರಾಗ ಕ್ಲಿಂಟನ್, 2013ರಾಗ ಒಬಾಮಾ, 2025ರಾಗ ಟ್ರಂಪ್. ಅಂಥಾ ದಿನ ಆ ನೌಕರರಿಗೆ ಬದಲಿ ಸೂಟಿ ಇಲ್ಲ. ಎರಡು ಕೂಡಿ ಒಂದೇ.

ಕಾಕಾ: ಅಂದ್ರ ಅಲ್ಲಿನ ಗುಮಾಸ್ತರೂ ಡಿಸೆಂಬರಿನಾಗ ಕ್ಯಾಲೆಂಡರ್ ನೋಡಿ ಹೊಟ್ಟಿ ಉರಕೋತಾರ. ನಮ್ಮ ಪಟ್ಟಿ ಕೆಳಗ ಸಣ್ಣ ಅಕ್ಷರದಾಗ ಬರದಾರ ನೋಡು: ಐತಾರ, ಎರಡನೇ ಶನಿವಾರ, ನಾಲ್ಕನೇ ಶನಿವಾರ ಬಂದ ಹಬ್ಬ ಪಟ್ಟಿಯೊಳಗ ಹಾಕಿಲ್ಲ ಅಂತ. ನಾವು ಮೊದಲು ಓದೂದು ಇದನ್ನೇ. 2022ರ ಮೇ 3ಕ್ಕ ಬಸವ ಜಯಂತಿ ಮತ್ತ ರಂಜಾನ್ ಒಂದೇ ದಿನ ಬಂದ್ವು. ಊರಾಗ ಹೋಳಿಗಿನೂ ಆತು, ಸುರಕುರ್ಮಾನೂ ಆತು, ಕಚೇರಿಯವರ ಮಾರಿ ಮಾತ್ರ ಸಪ್ಪಗ.

ಮಗಳು: ಹೊಟ್ಟಿಯ ಮಾತು ಬಿಡ್ರಿ. ಒಬಾಮಾ ಆ ತಾರೀಖನ್ನ ಕೆಲಸಕ್ಕ ಹಚ್ಚಿದ್ರು. 2013ರಾಗ ಜನವರಿ 20 ಐತಾರ ಬಂದಿತ್ತು. ಕಾನೂನಿನ ಪ್ರಮಾಣ ಐತಾರ ಶ್ವೇತಭವನದ ಒಳಗ ಸಣ್ಣದಾಗಿ ಮುಗಿಸಿ, ಜನರ ಮುಂದಿನ ಪ್ರಮಾಣ ಸ್ವಾಮಾರ ಇಟ್ಟರು. ಅದು ಕಿಂಗ್ ಅವರ ದಿನ. ಲಿಂಕನ್ ಬೈಬಲ್ ಜೊತಿಗೆ ಕಿಂಗ್ ಅವರ ಬೈಬಲ್ ಮ್ಯಾಲೂ ಕೈ ಇಟ್ಟು ಪ್ರಮಾಣ ಮಾಡಿದ್ರು.

ಕಾಕಾ: ಅದೇ ವರ್ಷ ನಮ್ಮ ಕಡೆ ಏನಾತು ಹೇಳು? ಮೇ 13, ಬಸವ ಜಯಂತಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಾಗ ಸಿದ್ದರಾಮಯ್ಯ ಮೊದಲ ಸಲ ಮುಖ್ಯಮಂತ್ರಿ ಆಗಿ ಪ್ರಮಾಣ ತಗೊಂಡ್ರು. ಅವತ್ತೇ ವಿಧಾನಸೌಧಕ್ಕ ಹೋಗಿ, ಬಡವರಿಗೆ ರೂಪಾಯಿಗೊಂದು ಕಿಲೋದಂಗ 30 ಕಿಲೋ ಅಕ್ಕಿ ಅಂತ ಹೇಳಿದ್ರು. ಸೂಟಿ ದಿನ ಸರ್ಕಾರಿ ತೀರ್ಮಾನ! ಬಸವಣ್ಣನ ದಿನ ಕಾಯಕ ಮಾಡಿದ್ರ ತಪ್ಪಿಲ್ಲ ಅನ್ನು. ಆ ತಾರೀಖು ತಾವೇ ನೋಡಿ ಹಿಡಿದ್ರೋ, ತಾನೇ ಬಂತೋ, ರಾಜಕಾರಣಿಗಳ ಕೈಯಾಗ ಆ ಫರಕು ಉಳಿಯೂದಿಲ್ಲ. ತಾನೇ ಬಂದದ್ದನ್ನೂ ಹಿಡಿದದ್ದರಂಗ ತೋರಸ್ತಾರ.

ಮಗಳು: ಅದು ಮುಖ್ಯಮಂತ್ರಿ ಮಾತಾತು. ರಾಷ್ಟ್ರಪತಿಗಳದ್ದು ಜುಲೈ 25ಕ್ಕ ಯಾಕ ಗಂಟು ಬಿದ್ದೈತಿ? ಸಂವಿಧಾನದಾಗ ಎಲ್ಲೂ ತಾರೀಖು ಬರದಿಲ್ಲಲ್ಲ.

ಕಾಕಾ: ಸಾವು ಬರದದ್ದು ಅದು. ರಾಜೇಂದ್ರ ಪ್ರಸಾದ್ ಅವರು ಚುನಾವಣೆ ಆದಮ್ಯಾಲೆ 1952ರ ಮೇ 13ಕ್ಕ ಪ್ರಮಾಣ ತಗೊಂಡ್ರು. 1957, 1962, 1967 ಎಲ್ಲಾ ಮೇ 13. ಜಾಕಿರ್ ಹುಸೇನ್ ಅವರು 1969ರ ಮೇ ತಿಂಗಳಾಗ ಅಧಿಕಾರದಾಗ ಇರುವಾಗಲೇ ತೀರಿಕೊಂಡ್ರು. ಹೊಸ ಚುನಾವಣೆ ಆಗಿ ವಿ.ವಿ. ಗಿರಿ ಬಂದದ್ದು ಆಗಸ್ಟ್ 24ಕ್ಕ. ಅಲ್ಲಿಂದ ತಾರೀಖು ಆಗಸ್ಟ್ 24 ಆತು. ಮುಂದ ಫಕ್ರುದ್ದೀನ್ ಅಲಿ ಅಹಮದ್ 1977ರ ಫೆಬ್ರುವರಿ 11ಕ್ಕ ತೀರಿಕೊಂಡ್ರು. ಆಗ ಹಂಗಾಮಿ ರಾಷ್ಟ್ರಪತಿ ಆಗಿ ನಿಂತವರು ಯಾರು?

ಮಗಳು: ನಮ್ಮ ಬಿ.ಡಿ. ಜತ್ತಿ ಅವರು. ಜಮಖಂಡಿಯವರು.

ಕಾಕಾ: ಹಾಂ. ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದವರು, ಆಗ ಉಪರಾಷ್ಟ್ರಪತಿ. ತುರ್ತು ಪರಿಸ್ಥಿತಿಯ ಕಡೇ ದಿನ, ಲೋಕಸಭಾ ಚುನಾವಣೆ, ದಿಲ್ಲಿಯೊಳಗ ಸರ್ಕಾರ ಬದಲಾದದ್ದು, ಎಲ್ಲಾ ಅವರು ಆ ಕುರ್ಚಿಯೊಳಗ ಕುಂತಾಗಲೇ. ಆರು ತಿಂಗಳೊಳಗ ಚುನಾವಣೆ ಆಗಬೇಕು ಅಂತ ಸಂವಿಧಾನ ಹೇಳತೈತಿ. ಜುಲೈ 25ಕ್ಕ ನೀಲಂ ಸಂಜೀವ ರೆಡ್ಡಿ ಬಂದ್ರು. ಅಲ್ಲಿಂದ ಯಾರೂ ನಡುವ ತೀರಿಕೊಂಡಿಲ್ಲ, ರಾಜೀನಾಮೆ ಕೊಟ್ಟಿಲ್ಲ. ಅದಕ್ಕ ತಾರೀಖು ನಿಂತೈತಿ. ಅಮೆರಿಕಾದಾಗ ಅಧ್ಯಕ್ಷ ತೀರಿಕೊಂಡ್ರ ಉಪಾಧ್ಯಕ್ಷ ಉಳಿದ ಅವಧಿ ಪೂರೈಸ್ತಾನ, ಹಿಂಗಾಗಿ ಜನವರಿ 20 ಅಲ್ಲಾಡೂದಿಲ್ಲ. ನಮ್ಮಲ್ಲಿ ಹೊಸದಾಗಿ ಬಂದವರಿಗೆ ಪೂರ್ತಿ ಐದು ವರ್ಷ.

ಮಗಳು: ಐತಾರದ ಪ್ರಮಾಣ ನಮಗ ಹೊಸದೇನೂ ಅಲ್ಲ ಹಂಗಾದ್ರ. ಲೆಕ್ಕ ಹಾಕಿದೆ. 1962ರಾಗ ರಾಧಾಕೃಷ್ಣನ್, 1969ರಾಗ ಗಿರಿ, 1982ರಾಗ ಜೈಲ್ ಸಿಂಗ್, ಮೂರೂ ಐತಾರ. ಯಾರೂ ಸ್ವಾಮಾರಕ್ಕ ಮುಂದೂಡಲಿಲ್ಲ.

ಕಾಕಾ: ನಮ್ಮ ಸರ್ಕಾರ ಐತಾರ ಕೆಲಸ ಮಾಡೋ ಅಪರೂಪದ ಪ್ರಸಂಗ ಅವು. ಆದ್ರ ನೀ ಹುಡುಕಾಕ ಹತ್ತಿದ್ದು ಬ್ಯಾರೇನೇ ಅಲ್ಲೇನು? ದೇಶಕ್ಕೆಲ್ಲಾ ಸೂಟಿ ಇರೋ ದಿನ, ರಾಷ್ಟ್ರಪತಿ ಪ್ರಮಾಣವೂ ಇರೋ ದಿನ. ಅದಕ್ಕ ನೀ 1950ಕ್ಕ ಹೋಗಬೇಕು. ಜನವರಿ 26, ಬೇಸ್ತಾರ.

ಮಗಳು: ಗಣರಾಜ್ಯೋತ್ಸವ. ಆದ್ರ ಅದನ್ನ ಕೂಡಿ ಬಂದದ್ದು ಅನ್ನಾಕ ಬರೂದಿಲ್ಲ, ಕಾಕಾ. ಆ ದಿನದಿಂದಲೇ ಸೂಟಿ ಹುಟ್ಟೈತಿ.

ಕಾಕಾ: ಹುಟ್ಟಿದ್ದು ಅವತ್ತಲ್ಲ. ಹಿಂದಕ್ಕ ಹೋಗು. ಸಂವಿಧಾನ ಒಪ್ಪಿದ್ದು 1949ರ ನವೆಂಬರ್ 26. ಜಾರಿ ಮಾಡಾಕ ಎರಡು ತಿಂಗಳು ಕಾದದ್ದು ಯಾಕ?

ಮಗಳು: 1930ರ ಜನವರಿ 26ರ ನೆನಪಿಗೆ. ಲಾಹೋರ್ ಕಾಂಗ್ರೆಸ್ಸಿನಾಗ ಪೂರ್ಣ ಸ್ವರಾಜ್ಯ ಅಂತ ಠರಾವಾಗಿ, ಆ ದಿನ ಊರೂರಾಗ ಸ್ವಾತಂತ್ರ್ಯ ದಿನ ಆಚರಿಸಿದ್ರು.

ಕಾಕಾ: ಅದು ಯಾವ ವಾರ? ಜನವರಿಯ ಕಡೇ ಐತಾರ! ಬ್ರಿಟಿಷರ ರಾಜ್ಯದಾಗ ಸೂಟಿ ಇರೋ ದಿನ. ಜನ ಕೆಲಸ ಬಿಟ್ಟು ಕೂಡಬೇಕಂದ್ರ ಐತಾರಾನೇ ಅನುಕೂಲ. ಅಂದ್ರ ನೋಡು, ಮೊದಲು ಸೂಟಿ ಇತ್ತು, ಅದನ್ನ ನೋಡಿ ಪ್ರತಿಜ್ಞೆಯ ದಿನ ಇಟ್ಟರು. ಇಪ್ಪತ್ತು ವರ್ಷ ಬಿಟ್ಟು ಪ್ರತಿಜ್ಞೆಯ ದಿನ ನೋಡಿ ಪ್ರಮಾಣ ಇಟ್ಟರು. ಆ ಪ್ರಮಾಣದ ದಿನ ವರ್ಷಾ ವರ್ಷಾ ಸೂಟಿ ಆತು. ನಮ್ಮೂರಿಗೆ ಆ ಐತಾರನೂ ಹೊಂದತಿರಲಿಲ್ಲ ಬಿಡು. ನಿಜಾಮರ ರಾಜ್ಯದಾಗ ವಾರದ ಸೂಟಿ ಶುಕ್ರವಾರ.

ಮಗಳು: ದಿಲ್ಲಿಯ ಕಥೆ ನಾ ಕ್ಲಾಸಿನ್ಯಾಗ ಹೇಳತೀನಿ. ಜನವರಿ 24ಕ್ಕ ಸಂವಿಧಾನ ಸಭೆ ರಾಜೇಂದ್ರ ಪ್ರಸಾದರನ್ನ ಅವಿರೋಧವಾಗಿ ಆರಿಸ್ತು. 26ರ ಮುಂಜಾನೆ 10 ಗಂಟೆ 18 ನಿಮಿಷಕ್ಕ ಗಣರಾಜ್ಯ ಅಂತ ಘೋಷಣೆ. ಅದನ್ನ ಓದಿದವರು ರಾಜಾಜಿ, ಕಡೇ ಗವರ್ನರ್ ಜನರಲ್. 10 ಗಂಟೆ 24 ನಿಮಿಷಕ್ಕ ಪ್ರಮಾಣ, ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕಣಿಯಾ ಅವರ ಮುಂದ. ನಡುವಿನ ಆರು ನಿಮಿಷ ದೇಶ ಗಣರಾಜ್ಯ ಆಗೈತಿ, ರಾಷ್ಟ್ರಪತಿ ಇನ್ನೂ ಪ್ರಮಾಣ ತಗೊಂಡಿಲ್ಲ. ಇದನ್ನ ಹೇಳಿದ್ರ ಹುಡುಗರು ಬಾಳ ಖುಷಿ ಪಡತಾವ. "ಆ ಆರು ನಿಮಿಷ ಯಾರ ರಾಜ್ಯರೀ?" ಅಂತ ಕೇಳತಾವ.

ಕಾಕಾ: ಜನರ ರಾಜ್ಯ ಅಂತ ಹೇಳಿಬಿಡು. ಆದ್ರ ಅವೇ ಹುಡುಗರಿಗೆ ಇನ್ನೊಂದು ಪ್ರಶ್ನೆ ಕೇಳು. ಅವತ್ತು ದೇವದುರ್ಗ, ಮಾನ್ವಿ, ರಾಯಚೂರು ಯಾರ ಕೈಯಾಗ ಇದ್ದವು?

ಮಗಳು: ಹೈದರಾಬಾದ್ ರಾಜ್ಯ. 1948ರ ಸೆಪ್ಟೆಂಬರಿನಾಗ ಪೊಲೀಸ್ ಕಾರ್ಯಾಚರಣೆ ಆಗಿತ್ತು. ಮೊದಲು ಜನರಲ್ ಚೌಧರಿ ಅವರ ಮಿಲಿಟರಿ ಆಡಳಿತ...

ಕಾಕಾ: ಆಮ್ಯಾಲೆ? 1950ರ ಜನವರಿ 26ಕ್ಕ ಹೈದರಾಬಾದಿನಾಗ ರಾಜಪ್ರಮುಖ ಅಂತ ಅಧಿಕಾರ ವಹಿಸಿಕೊಂಡವರು ಯಾರು? ಮೀರ್ ಉಸ್ಮಾನ್ ಅಲಿ ಖಾನ್. ಅವರೇ ನಿಜಾಮರು! ಮುಖ್ಯಮಂತ್ರಿ ಎಂ.ಕೆ. ವೆಲ್ಲೋಡಿ, ಐಸಿಎಸ್ ಅಧಿಕಾರಿ, ಜನ ಆರಿಸಿದವರಲ್ಲ. ಹಂಗಾಗಿ ನಮಗ ಅವತ್ತು ಎರಡು ಪ್ರಮಾಣ ನಡದವು. ದಿಲ್ಲಿಯೊಳಗ ಬಿಹಾರದ ಒಬ್ಬ ವಕೀಲ, ಜೈಲು ಕಂಡ ಸತ್ಯಾಗ್ರಹಿ, ದೇಶದ ಮುಖ್ಯಸ್ಥ ಆದ. ಹೈದರಾಬಾದಿನಾಗ 1911ರಿಂದ ಗಾದಿ ಮ್ಯಾಲಿದ್ದ ದೊರಿ ಆ ರಾಷ್ಟ್ರಪತಿಯ ಕೈಕೆಳಗಿನ ಪದವಿ ಒಪ್ಪಿಕೊಂಡ. ನಮ್ಮಪ್ಪ ಈ ಎರಡನೇದನ್ನೇ ಹೇಳತಿದ್ದ, ಮೊದಲನೇದನ್ನ ಹೇಳತಿರಲಿಲ್ಲ. ಇಲ್ಲಿನವರಿಗೆ ಅದು ನಂಬಾಕಾಗದ ಸುದ್ದಿ.

ಮಗಳು: ಸಿಟ್ಟು ಬರಲಿಲ್ಲೇನು ಜನರಿಗೆ? ರಜಾಕಾರರ ಹಾವಳಿ ಮುಗದು ಎರಡು ವರ್ಷನೂ ಆಗಿದ್ದಿಲ್ಲ. ಜೈಲಿಗೆ ಹೋದವರು, ಗಡಿ ದಾಟಿ ಶಿಬಿರದಾಗ ಉಳಿದವರು ಮನೀಗೆ ಬಂದು ನೋಡಿದ್ರ ಅದೇ ಮನುಷ್ಯನ ಫೋಟೋ ಗೋಡಿ ಮ್ಯಾಲೆ!

ಕಾಕಾ: ಬಂದಿರಬೇಕು. ಆದ್ರ ನಾ ಕಚೇರಿ ಮನುಷ್ಯ, ಕಾಗದದ ಕಡಿಂದ ನೋಡತೀನಿ. ನಿಜಾಮರ ಕಾಲದ ಕಂದಾಯ ಕಾಗದದಾಗ ವರ್ಷ ಫಸಲಿ, ಹುಕುಂ ಉರ್ದುವಿನಾಗ, ಮ್ಯಾಲೆ ಫರ್ಮಾನ್. ಫರ್ಮಾನ್ ಅಂದ್ರ ದೊರಿ ಬಾಯಿಂದ ಬಂದದ್ದೇ ಕಾನೂನು. ಅಂಥಾ ದೊರಿ ಒಂದು ಪುಸ್ತಕಕ್ಕ ತಲಿ ಬಾಗಿಸಿದ. ಅಂವ ಒಳ್ಳೆಯವನೋ ಕೆಟ್ಟವನೋ, ಆ ಮಾತು ಬ್ಯಾರೆ. ಮನುಷ್ಯ ಅದೇ, ಅರಮನಿ ಅದೇ, ಅಧಿಕಾರದ ಬೇರು ಮಾತ್ರ ಬ್ಯಾರೆ ಆತು. ಗಾದಿ ಬಿಟ್ಟು ಓಡಿಹೋದ ದೊರಿಗಿಂತ, ಪ್ರಮಾಣ ಮಾಡಿ ಕುಂತ ದೊರಿ ಸಂವಿಧಾನಕ್ಕ ಹೆಚ್ಚಿನ ಸಾಕ್ಷಿ ಅಂತೀನಿ ನಾ.

ಮಗಳು: ನಾ ಒಪ್ಪೂದಿಲ್ಲ. ಅದು ದಿಲ್ಲಿಯವರ ಅನುಕೂಲದ ಮಾತು. ಜನ ಆರಿಸಿದ ಸರ್ಕಾರ ಇಲ್ಲಿಗೆ ಬಂದದ್ದು 1952ರ ಮಾರ್ಚಿನಾಗ, ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿ ಆದಾಗ. ಎರಡು ವರ್ಷ ನಮ್ಮದು ಗಣರಾಜ್ಯ ಹೌದು, ನಮ್ಮ ಓಟಿನ ಸರ್ಕಾರ ಅಲ್ಲ. ರಾಜಪ್ರಮುಖ ಹುದ್ದೆ ಹೋದದ್ದು 1956ರಾಗ.

ಕಾಕಾ: ನವೆಂಬರ್ 1. ಅದೂ ನಿನ್ನ ಪಟ್ಟಿಗೆ ಬರತೈತಿ ನೋಡು. ಅವತ್ತು ರಾಯಚೂರು ಮೈಸೂರು ರಾಜ್ಯಕ್ಕ ಸೇರಿತು. ಆಲಂಪುರ, ಗದ್ವಾಲ ತಾಲ್ಲೂಕು ಆಂಧ್ರಕ್ಕ ಹೋದವು. ಬೆಂಗಳೂರಾಗ ನಿಜಲಿಂಗಪ್ಪನವರು ಹೊಸ ರಾಜ್ಯದ ಮುಖ್ಯಮಂತ್ರಿ. ರಾಜ್ಯಪಾಲರು ಯಾರು? ಜಯಚಾಮರಾಜ ಒಡೆಯರು, ಹಳೇ ಮೈಸೂರಿನ ರಾಜಪ್ರಮುಖರು. ಒಬ್ಬ ರಾಜನ ನೆರಳಿಂದ ಎದ್ದು ಇನ್ನೊಬ್ಬ ರಾಜನ ನೆರಳಿಗೆ ಬಂದ್ವಿ ಅಂತ ನಮ್ಮಪ್ಪ ನಗತಿದ್ದ. ಆದ್ರ ಈ ಸಲದ ರಾಜ ಬರೇ ರಾಜ್ಯಪಾಲ. ಅದೂ ಬೇಸ್ತಾರ! ಮಂತ್ರಾಲಯಕ್ಕ ಹೋಗೋ ಮಂದಿ ಇಂಥಾದ್ದಕ್ಕೆಲ್ಲಾ ಅರ್ಥ ಹಚ್ಚತಾರ. ನಾ ಹಚ್ಚೂದಿಲ್ಲ, ಹೇಳಿ ಬಿಡತೀನಿ ಅಷ್ಟ.

ಮಗಳು: ನವೆಂಬರ್ 1 ಅಂದ್ರ ಈಗ ಯಾರಿಗೂ ಪ್ರಮಾಣ ನೆನಪಿಲ್ಲ. ಭುವನೇಶ್ವರಿ ಮೆರವಣಿಗೆ, ಹಳದಿ ಕೆಂಪು ಬಾವುಟ. ಜನವರಿ 26 ಅಂದ್ರೂ ಹಂಗೇ, ಝಂಡಾ, ಕವಾಯತು, ಪೆಪ್ಪರಮಿಂಟು. 2025ರಾಗ ಗಾಂಧಿ ಜಯಂತಿ ವಿಜಯದಶಮಿ ದಿನವೇ ಬಂತಲ್ಲ, ಮುಂಜಾನೆ ಫೋಟೋಕ್ಕ ಹಾರ ಹಾಕಿ, ಸಂಜೀಕ ಎಲ್ಲಾರೂ ಬನ್ನಿ ಕೊಡಾಕ ಹೋದ್ರು. ನಮ್ಮ ಭಾಗದ ವಿಮೋಚನೆಯ ದಿನ, ಸೆಪ್ಟೆಂಬರ್ 17, 2015ರಾಗ ಗಣೇಶ ಚೌತಿ ದಿನ ಬಂದಿತ್ತು. ಝಂಡಾ ಏರಿಸಿ ಯಾರೂ ನಿಲ್ಲಲಿಲ್ಲ, ಎಲ್ಲಾರ ಮನ್ಯಾಗೂ ಗಣಪ್ಪ ಕಾಯಾಕ ಹತ್ತಿದ್ದ. ಮೆರವಣಿಗೆ ಯಾವುದಕ್ಕ ಐತೋ ಅದೇ ಗೆಲ್ಲತೈತಿ, ಕಾಕಾ.

ಕಾಕಾ: ಯಾವಾಗಲೂ ಅಲ್ಲ. 2022ರ ಜನವರಿ 26 ಮರತಿ? ಇದೇ ರಾಯಚೂರು, ಜಿಲ್ಲಾ ನ್ಯಾಯಾಲಯ. ಝಂಡಾ ಏರಸೋ ಮುಂದ ಅಂಬೇಡ್ಕರ್ ಫೋಟೋ ತಗಸಿದ್ರು ಅಂತ ಎದ್ದ ಗದ್ದಲ ರಾಜ್ಯದ ತುಂಬ ಹಬ್ಬಿತು. ಬೆಂಗಳೂರಾಗ ಸಾವಿರಾರು ಮಂದಿ ಬೀದಿಗೆ ಇಳದ್ರು. ಮುಂದಿನ ತಿಂಗಳೇ ಹೈಕೋರ್ಟ್ ಸುತ್ತೋಲೆ ಹೊರಡಿಸಿತು: ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಸಂವಿಧಾನ ದಿನ, ಈ ಮೂರೂ ದಿನ ನ್ಯಾಯಾಲಯದ ಕಾರ್ಯಕ್ರಮದಾಗ ಅಂಬೇಡ್ಕರ್ ಭಾವಚಿತ್ರ ಇಡಬೇಕು. ಝಂಡಾ ಒಂದೇ ಸಾಕು, ಇದು ಯಾವ ದಿನ ಅನ್ನೂದನ್ನೂ ತೋರಸಬೇಕೋ? ಆ ಜಗಳ ಹುಟ್ಟಿದ್ದು ನಮ್ಮೂರಾಗ. ನಿನ್ನ ಲೆಕ್ಕದಾಗ ಇದನ್ನೂ ಹಿಡಿ. ಆ ದಿನದ ಒಡೆಯ ಸಂವಿಧಾನ ಅಂತ ಜನ ಬೀದ್ಯಾಗ ನಿಂತು ಕೇಳ್ಯಾರ.

ಮಗಳು: ಅದು ಖರೇ. ಅವತ್ತು ನಾನೂ ಬಾಳ ಯೋಚನೆ ಮಾಡಿದೆ. ಆದ್ರ ನನಗ ಇನ್ನೊಂದು ಕಾಡತೈತಿ. ಜನವರಿ ಅಂದ್ರ ನಮ್ಮ ಕಡೆ ಹತ್ತಿ ಬಿಡಸೋ ಕಾಲ. 26ಕ್ಕ ಸಾಲಿ ತುಂಬ ಹುಡುಗರು, ಬಿಳಿ ಅಂಗಿ ತೊಟ್ಟು ಬರತಾವ. 27ಕ್ಕ ಹಾಜರಿ ಕರದ್ರ ಅರ್ಧ ಮಂದಿ ಅವ್ವನ ಜೊತಿಗೆ ಹೊಲದಾಗ. ಅವರ ಅವ್ವ 26ಕ್ಕೂ ಹೊಲದಾಗ ಇದ್ದಾಕಿನೇ. ಆಕಿಗೆ ಯಾವ ಸೂಟಿ?

ಕಾಕಾ: ಕಾಯ್ದೆ ಐತಿ, 1963ರದ್ದು, ರಾಷ್ಟ್ರೀಯ ಮತ್ತು ಹಬ್ಬದ ರಜೆ ಅಂತ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತಿಗೆ ಇನ್ನೂ ಐದು ದಿನ ಪಗಾರದ ಸೂಟಿ ಕೊಡಬೇಕು. ಆ ದಿನ ದುಡಿಸಿಕೊಂಡ್ರ ಎರಡು ಪಟ್ಟು ಪಗಾರ, ಇಲ್ಲಾ ಆ ದಿನದ ಪಗಾರದ ಜೊತಿಗೆ ಬದಲಿ ಸೂಟಿ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಂಥಾ ಕಡೆ ಝಂಡಾ ದಿನ ಅಂತ ಬೆಂಕಿ ಆರಸಾಕ ಬರತೈತೇನು? ಅಂಥಾ ಪಾಳಿಯವರಿಗೆ ಲೆಕ್ಕ ಇರತೈತಿ. ಆದ್ರ ಕಾಯ್ದೆ ಕಾರ್ಖಾನೆ, ಅಂಗಡಿ, ಕಚೇರಿಗಳ ಮಟ್ಟಕ್ಕ ನಿಲ್ಲತೈತಿ. ಹೊಲಕ್ಕ ಇಳಿಯೂದಿಲ್ಲ. ಆಕಿ ಬಿಡಿಸಿದ ಹತ್ತಿಗೆ ತೂಕದ ಲೆಕ್ಕ, ತಾರೀಖಿನ ಲೆಕ್ಕ ಇಲ್ಲ.

ಮಗಳು: ಮತ್ತ ಆಕಿಗೆ ರಾಷ್ಟ್ರಪತಿ ಪ್ರಮಾಣದ ಮಾತು ಹೆಂಗ ಹೇಳೂದು?

ಕಾಕಾ: ನಿನ್ನಿಂದಾನೇ ಶುರು ಮಾಡು. ನಿನಗ ನೌಕರಿ ಬಂದದ್ದು ಹೆಂಗ? 371ಜೆ. ಸಂವಿಧಾನದ ತೊಂಬತ್ತೆಂಟನೇ ತಿದ್ದುಪಡಿಗೆ 2013ರ ಜನವರಿ 1ಕ್ಕ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರ ಅಂಕಿತ ಬಿತ್ತು. ಅಂವ ಹಿಂದಿನ ಜುಲೈ 25ಕ್ಕ ಪ್ರಮಾಣ ಮಾಡಿದ್ದ ಮನುಷ್ಯ. ಆಮ್ಯಾಲೆ ಈ ಭಾಗದವರಿಗೆ ನೌಕರಿಯೊಳಗ, ಕಾಲೇಜಿನೊಳಗ ಮೀಸಲಾತಿ ಬಂತು. ದಿಲ್ಲಿಯ ಆ ಪ್ರಮಾಣ ಹಿಂಗ ದೇವದುರ್ಗದ ಸಾಲಿಗೆ ಬಂದು ಮುಟ್ಟಿತು. ಹೊಲದಾಗ ಇರೋ ಆಕಿ ಮಗಳಿಗೆ ನಾಳೆ ಮುಟ್ಟಬಹುದು, 27ಕ್ಕ ಸಾಲಿಗೆ ಬಂದ್ರ.

ಮಗಳು: ಇನ್ನೊಂದು ಗೊತ್ತೇನ್ರಿ? ಮಂತ್ರಿಗಳು ಸಂವಿಧಾನಕ್ಕ ನಿಷ್ಠೆಯಿಂದ ಇರತೀನಿ ಅಂತ ಪ್ರಮಾಣ ಮಾಡತಾರ. ಸಂವಿಧಾನವನ್ನ ಕಾಪಾಡತೀನಿ, ರಕ್ಷಿಸತೀನಿ ಅಂತ, ಜೊತಿಗೆ ಜನರ ಸೇವೆ ಮಾಡತೀನಿ ಅಂತ ಪ್ರಮಾಣ ಮಾಡೋರು ರಾಷ್ಟ್ರಪತಿ ಮತ್ತ ರಾಜ್ಯಪಾಲರು. ಅರವತ್ತನೇ ವಿಧಿ, ನೂರಾ ಐವತ್ತೊಂಬತ್ತನೇ ವಿಧಿ. ಪೀಠಿಕೆ ಸಾಲಿಯೊಳಗ ದಿನಾ ಓದಸತೀವಿ, ಹುಡುಗರಿಗೆ ಬಾಯಿಪಾಠ ಆಗೈತಿ. ಈ ಪ್ರಮಾಣ ಮಾತ್ರ ಯಾರೂ ಒಂದು ಸಲನೂ ಓದಿ ತೋರಸಿಲ್ಲ. ಮುಂದಿನ ಜನವರಿ 26ಕ್ಕ ಝಂಡಾ ಏರಿಸಿದ ಮ್ಯಾಲೆ ಒಬ್ಬ ಹುಡುಗಿ ಕಡಿಂದ ಓದಸಬೇಕು ಅಂತ ಮಾಡೀನಿ. ರಾಷ್ಟ್ರಪತಿ ಏನಂತ ಮಾತು ಕೊಟ್ಟಾರ ಅಂತ ಎಲ್ಲಾರೂ ಕೇಳಲಿ.

ಕಾಕಾ: ಓದಸು. ಹೆಡ್ ಮಾಸ್ತರು ಮೊದಲು ಕೇಳೂದು, ಇದಕ್ಕ ಸುತ್ತೋಲೆ ಎಲ್ಲೈತಿ ಅಂತ.

ಮಗಳು: ಸಂವಿಧಾನಕ್ಕ ಸುತ್ತೋಲೆ ಬೇಕೇನ್ರಿ?

ಕಾಕಾ: ಬೇಕಾಗಿಲ್ಲ. ಆದ್ರೂ ಒಂದು ಅರ್ಜಿ ಬರದು ಇನ್‌ವರ್ಡ್ ಮಾಡಿಸಿ ನಂಬರ್ ತಗೋ. ಡಿಸೆಂಬರಿನಾಗೇ ಕೊಡು, ಜನವರಿಯೊಳಗ ಎರಡನೇ ಶನಿವಾರ, ಸಂಕ್ರಾಂತಿ ಅಂತ ಸಾಹೇಬ್ರು ಸಿಗೂದಿಲ್ಲ.